ಅಕ್ಕನ ಸೋಬಾನೆ, ಚಿಪ್‌ಸೆಟ್ಟಿನ ಬಿಸಿ

೧೯೯೩ರಲ್ಲಿ, ಒಂಬತ್ತನೆಯ ತರಗತಿಯ ದಸರಾ ರಜೆ ಮುಗಿದ ಮೇಲೆ, ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕಂಪ್ಯೂಟರಿನ ಕೆಲಸವನ್ನೂ ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಕೆಟ್ಟ ಬೋರ್ಡುಗಳನ್ನು ಬಿಚ್ಚಿ ಬಿಚ್ಚಿ ಕಲಿತೆ. ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ನಾನು ಜೋಡಿಸಿದ ಮಷೀನುಗಳಿವೆ. ಬಿಸಿಯಾಗಿ ನಿಂತುಹೋಯಿತು ಎಂದು ಅವುಗಳಲ್ಲಿ ಒಂದು ವಾಪಸು ಬಂದರೆ ನನಗೆ ಊಟ ಸೇರುವುದಿಲ್ಲ. ಹಾಗೆ ನಿಂತದ್ದು ನನ್ನ ಸ್ವಂತ ಮನೆಯ ಮಷೀನು, ಅದೂ ಎರಡು ಸಲ. ಅದರ ವಿಷಯ ಬರೆಯುತ್ತಿದ್ದೇನೆ.

ಹೋದ ವರ್ಷದ ಬೇಸಿಗೆಯಲ್ಲಿ ನನ್ನ ಅಕ್ಕನ ಗಂಟಲಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಅಕ್ಕ ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರದವಳು. ಭಾವ ತೀರಿಕೊಂಡ ಮೇಲೆ ನನ್ನ ವಠಾರಕ್ಕೇ ಬಂದಳು. ಅವಳ ಬಾಗಿಲು, ನನ್ನ ಬಾಗಿಲು ಎದುರುಬದುರು. ಮಾತಾಡುವಾಗ ದನಿ ಒಡೆಯುತ್ತಿದೆ ಎಂದು ತಿಂಗಳುಗಟ್ಟಲೆ ಶುಂಠಿ ಕಷಾಯ ಕುಡಿದಳು. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು.

"ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ ಅಮ್ಮ," ಅಂದರು ಡಾಕ್ಟರು. "ಜೀವಕ್ಕೆ ಒಳ್ಳೇದು. ಆದ್ರೆ ಆಮೇಲೆ ದನಿ ಬರಲ್ಲ."

ಎರಡು ವಾರ ಬಿಟ್ಟು ಸೋಮವಾರಕ್ಕೆ ಆಪರೇಷನ್ ಎಂದು ಬರೆದುಕೊಟ್ಟರು. ಅಕ್ಕ ಎದ್ದು ಬಾಗಿಲವರೆಗೂ ಹೋದವಳು ತಿರುಗಿ, "ಅಲ್ಲೀವರ್ಗೂ ಹಾಡಬಹುದಾ ಸಾರ್?" ಎಂದು ಕೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನು ಕಾಪಾಡ್ಕೊಂಡು ಏನ್ಮಾಡ್ತೀರಿ. ಹಾಡಿ. ನೋವಾದ್ರೆ ನಿಲ್ಲಿಸಿ."

ಆಟೋದಲ್ಲಿ ಅವಳು ಕಾಯಿಲೆಯ ಮಾತೇ ಆಡಲಿಲ್ಲ. "ನನ್ನ ಮಗಳ ಮದುವೇಲಿ ಯಾರೋ ಹಾಡೋದು?" ಅಂದಳು.

ಅದು ಸಣ್ಣ ಮಾತಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಚಪ್ಪರಕ್ಕೆ ಕಂಬ ನೆಟ್ಟರೂ ಸೋಬಾನೆ ಹಾಡಲು ಅಕ್ಕನಿಗೇ ಮೊದಲ ಕರೆ. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿದವಳು. ತನ್ನ ಮಗಳಿಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ. ಹುಡುಗಿ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಳು.

"ನೀನು ಹಾಡು, ನಾನು ಹಿಡಿದಿಡ್ತೀನಿ," ಅಂದೆ.

"ನಿನ್ನ ಡಬ್ಬದಲ್ಲಾ?"

"ಹೂಂ, ಡಬ್ಬದಲ್ಲೇ."

"ಮೆಂತ್ಯ ಸೊಪ್ಪಾದ್ರೂ ಎರಡು ದಿನಕ್ಕೆ ಬಾಡುತ್ತೆ. ನೋಡಣ, ನಿನ್ನ ಡಬ್ಬದಲ್ಲಿ ಎಷ್ಟು ದಿನ ಇರುತ್ತೆ," ಅಂದಳು.

ಅಕ್ಕನ ಮಗಳು, ನನಗೆ ಸೊಸೆ, ಮೊದಲು ಫೋನಿನಲ್ಲೇ ಹಿಡಿದು ನೋಡಿದಳು. ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಸೊಲ್ಲು ಎತ್ತಿಕೊಡಬೇಕು, ಉಳಿದವರು ಅದನ್ನೇ ಹಿಂದಿನಿಂದ ಹಾಡಬೇಕು. ಫೋನಿನಲ್ಲಿ ಅಕ್ಕ ದನಿ ಏರಿಸಿದ ಕಡೆ ಒಡೆದು ಬಂತು, ಹಿಂದಿನವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಸ್ಟುಡಿಯೋಗೆ ಹೋಗೋಣ ಎಂದರೆ, "ಗಾಜಿನ ಪೆಟ್ಟಿಗೇಲಿ ಕಿವಿಗೆ ಬಟ್ಲು ಹಾಕ್ಕೊಂಡು ಹಾಡೋಕೆ ನನಗೇನು ಹುಚ್ಚಾ?" ಅಂದಳು. ಹಾಗಾಗಿ ನನ್ನ ಮನೆಯ ಮುಂದಿನ ಕೋಣೆ, ಮೂರು ಮೈಕು, ನನ್ನ ಮಷೀನು ಎಂದು ತೀರ್ಮಾನವಾಯಿತು.

ಅಕ್ಕನಿಗೆ ಒಂದು ಕಟ್ಟುನಿಟ್ಟಿತ್ತು. ಅವಳ ಅತ್ತೆಯಿಂದ ಬಂದದ್ದು. ಚಪ್ಪರದ ಹಾಡಿನಿಂದ ಹೆಣ್ಣು ಒಪ್ಪಿಸುವ ಹಾಡಿನವರೆಗೆ ಹದಿನಾಲ್ಕು ಹಾಡು. ಅವನ್ನು ಶಾಸ್ತ್ರದ ಕ್ರಮದಲ್ಲೇ ಹಾಡಬೇಕು, ಹಿಂದುಮುಂದಾಗಬಾರದು. ಹಾಡಿನ ನಡುವೆ ತುಂಡಾದರೆ ಮದುವೆ ನಿಂತ ಹಾಗೆ. ಮತ್ತೆ ಚಪ್ಪರದಿಂದಲೇ ಶುರು ಮಾಡಬೇಕು, ಅದೂ ಬೇರೆ ದಿನ. ತುಂಡಾದದ್ದನ್ನು ಇಟ್ಟುಕೊಳ್ಳಬಾರದು. ಒಂದೊಂದು ಹಾಡನ್ನು ಬೇರೆ ಬೇರೆ ಹಿಡಿದು ಆಮೇಲೆ ಜೋಡಿಸುತ್ತೇನೆ ಎಂದು ನಾನು ಹೇಳಿ ನೋಡಿದೆ. "ಹುಡುಗೀನ ಇವತ್ತು ಧಾರೆ ಎರೆದು, ಚಪ್ಪರ ನಾಳೆ ಹಾಕ್ತೀಯಾ?" ಅಂದಳು. ಅಲ್ಲಿಗೆ ಮುಗಿಯಿತು.

ಮಷೀನಿನ ವಿಷಯಕ್ಕೆ ಬರುತ್ತೇನೆ. ಪ್ರೊಸೆಸರ್ ಎನ್ನುವುದು ಮಂಡಿ ಸಾಹುಕಾರ ಇದ್ದ ಹಾಗೆ. ಎಲ್ಲರೂ ಅವನಿಗೇ ಗಾಳಿ ಬೀಸುತ್ತಾರೆ. ಅದರ ಕೆಳಗೆ, ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯಡಿಯಲ್ಲಿ, ಚಿಪ್‌ಸೆಟ್ ಎಂಬ ಇನ್ನೊಂದು ಚಿಪ್ ಇರುತ್ತದೆ. ಅದು ಮಂಡಿಯ ಗುಮಾಸ್ತ. ಮೈಕಿನಿಂದ ಬರುವ ಸರಕು, ಡಿಸ್ಕಿಗೆ ಹೋಗುವ ಸರಕು, ಎಲ್ಲ ಅವನ ಕೈಮೇಲೆ ಹಾದುಹೋಗಬೇಕು. ಅವನು ತಲೆಸುತ್ತಿ ಬಿದ್ದರೆ ಸಾಹುಕಾರ ಗಟ್ಟಿಯಾಗಿ ಕೂತಿದ್ದರೂ ಮಂಡಿ ಬಂದ್. ನನ್ನ ಬೋರ್ಡಿನ ಚಿಪ್‌ಸೆಟ್ ಬಿಸಿ ಜಾತಿಯದು; ಅದಕ್ಕೆಂದೇ ತಲೆಯ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಫ್ಯಾನು ಕೂರಿಸಿ ಕೊಟ್ಟಿದ್ದರು.

ಮೈಕು ಹಾಕಿ ಖಾಲಿ ಕೋಣೆಯ ಸದ್ದು ಹಿಡಿದು ಕೇಳಿದಾಗ ಅದರಲ್ಲಿ ಸೊಳ್ಳೆಯ ಹಾಗೆ ಕುಂಯ್ ಎನ್ನುವ ಎಳೆ ಇತ್ತು. ದೊಡ್ಡ ಫ್ಯಾನುಗಳನ್ನು ಒಂದೊಂದಾಗಿ ಬೆರಳಲ್ಲಿ ತಡೆದು ನೋಡಿದೆ, ಹೋಗಲಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಚಿಪ್‌ಸೆಟ್ ಫ್ಯಾನಿನ ನಡುವನ್ನು ಮೆಲ್ಲಗೆ ಒತ್ತಿದೆ. ಸದ್ದು ನಿಂತಿತು. ಬೇರಿಂಗ್ ಸವೆದಿತ್ತು. ಅದರ ವೇಗವನ್ನು ಸೆಟ್ಟಿಂಗಿನಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದೆ. ಬಿಸಿ ಅರವತ್ತೆಂಟು ಡಿಗ್ರಿಗೆ ಹೋಗಿ ನಿಂತಿತು. ಪರವಾಗಿಲ್ಲ ಎಂದುಕೊಂಡೆ.

ಮೊದಲ ದಿನ ಮಧ್ಯಾಹ್ನ, ವಠಾರದಲ್ಲಿ ಕುಕ್ಕರುಗಳೆಲ್ಲ ಕೂಗಿ ಮುಗಿದ ಮೇಲೆ, ಕಿಟಕಿ ಮುಚ್ಚಿದೆವು. ಸೀಲಿಂಗ್ ಫ್ಯಾನು ಆರಿಸಿದೆವು. ಮೇಲೆ ಶೀಟಿನ ಸೂರು. ಅಕ್ಕ ದೀಪ ಹಚ್ಚಿ, ಮಗಳನ್ನು ಮಣೆಯ ಮೇಲೆ ಕೂರಿಸಿದಳು. ಹಿಂದೆ ಹಾಡಲು ಅವಳ ನಾದಿನಿ ಮತ್ತು ವಠಾರದ ಹೂ ಕಟ್ಟುವ ಅಜ್ಜಿ.

"ಗಂಡೆಲ್ಲಿ?" ಅಂದರು ಅಜ್ಜಿ.

"ಹುಡುಕ್ತಿದೀವಲ್ಲ. ಈಗ ಹೆಣ್ಣಿಗೆ ಮಾತ್ರ ಮದುವೆ," ಅಂದಳು ನಾದಿನಿ. ಸೊಸೆ ನಾಚಿಕೊಂಡು ಸೆರಗಿಲ್ಲದ ಚೂಡಿದಾರದ ದುಪಟ್ಟಾವನ್ನೇ ತಲೆಗೆಳೆದುಕೊಂಡಳು.

ಮಾತಿನಲ್ಲಿ ಒಡೆಯುತ್ತಿದ್ದ ದನಿ ಹಾಡಿಗೆ ಎತ್ತಿದಾಗ ಒಡೆಯಲಿಲ್ಲ. ಹೇಗೆ ಎಂದು ನನಗೆ ಗೊತ್ತಿಲ್ಲ. ಐದು ಹಾಡು ಆದವು. ಆರನೆಯದು ಅರಿಶಿನದ ಹಾಡು. ಅದರ ನಡುವೆ ಮೈಕುಗಳ ತಂತಿ ಸೇರುವ ಪೆಟ್ಟಿಗೆಯ ಹಸಿರು ದೀಪ ಆರಿತು, ಪರದೆ ಇದ್ದಲ್ಲೇ ನಿಂತಿತು. ಮೌಸು ಅಲುಗಲಿಲ್ಲ. ಬಿಸಿಯ ಅಂಕಿ ತೊಂಬತ್ತೇಳರಲ್ಲಿ ನಿಂತಿತ್ತು. ನಾನು ಕೈ ಎತ್ತಿದೆ. ಅಕ್ಕ ಸೊಲ್ಲನ್ನು ಅರ್ಧಕ್ಕೇ ಬಿಟ್ಟಳು.

ಮಷೀನು ಮತ್ತೆ ಶುರುವಾದಾಗ ರೆಕಾರ್ಡಿಂಗ್ ಸಾಫ್ಟ್‌ವೇರು, ನಿಂತುಹೋದದ್ದರಲ್ಲಿ ಸಿಕ್ಕಷ್ಟನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ಕೇಳಿತು. ಅಕ್ಕ ಬೆನ್ನ ಹಿಂದೆ ನಿಂತಿದ್ದಳು.

"ಏನ್ ಕೇಳ್ತಿದೆ ಅದು?"

"ಇಟ್ಕೊಳ್ಳೋದಾ ಬೇಡ್ವಾ ಅಂತ."

"ಬೇಡ ಅನ್ನು."

ಬೇಡ ಎಂದು ಒತ್ತಿದೆ. ಆಗ ನನಗೆ ಅಷ್ಟೇನೂ ಅನ್ನಿಸಲಿಲ್ಲ. ಮಷೀನು ಸರಿಮಾಡುವುದು ನನ್ನ ಕೈಯಲ್ಲಿತ್ತು, ದಿನಗಳಿದ್ದವು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಬೋರ್ಡನ್ನು ಹೊರತೆಗೆದು ಚಾಪೆಯ ಮೇಲೆ ಇಟ್ಟೆ. ಚಿಪ್‌ಸೆಟ್ಟಿನ ಮೇಲಿನ ಲೋಹದ ತಟ್ಟೆಯನ್ನು ಬಿಚ್ಚಿದರೆ, ನಡುವೆ ಇರಬೇಕಾದ ಮೆತ್ತನೆಯ ಪ್ಯಾಡು ತಂಗಳು ಚಪಾತಿಯ ಹಾಗೆ ಒಣಗಿ ಬಿರುಕುಬಿಟ್ಟಿತ್ತು. ಚಿಪ್ಪಿನ ಬಿಸಿ ತಟ್ಟೆಗೆ ಏರುತ್ತಲೇ ಇರಲಿಲ್ಲ. ಇಲ್ಲಿ ಕೆಲವರು ಪ್ಯಾಡಿನ ಬದಲು ಪ್ರೊಸೆಸರಿಗೆ ಹಚ್ಚುವ ಪೇಸ್ಟನ್ನು ಬಳಿದುಬಿಡುತ್ತಾರೆ. ತಟ್ಟೆ ಚಿಪ್ಪಿಗೆ ಅಂಟಿ ಕೂರುವುದಿಲ್ಲ, ನಡುವೆ ಒಂದು ಮಿಲಿಮೀಟರು ಸಂದು ಇರುತ್ತದೆ. ಪೇಸ್ಟು ಆ ಸಂದನ್ನು ತುಂಬುವುದಿಲ್ಲ, ಬಿಸಿ ಇನ್ನೂ ಏರುತ್ತದೆ. ಎಸ್.ಪಿ. ರೋಡಿಗೆ ಹೋಗಿ ಅಷ್ಟೇ ದಪ್ಪದ ಹೊಸ ಪ್ಯಾಡು ತಂದು ಕತ್ತರಿಸಿ ಕೂರಿಸಿದೆ. ಸವೆದ ಫ್ಯಾನನ್ನು ಕಿತ್ತು ಅದೇ ಅಳತೆಯ, ಸದ್ದಿಲ್ಲದ ಹೊಸದನ್ನು ಸ್ಕ್ರೂ ಹಾಕಿದೆ. ಗ್ರಾಫಿಕ್ಸ್ ಕಾರ್ಡಿನ ಬಿಸಿಯುಸಿರು ನೇರ ಚಿಪ್‌ಸೆಟ್ಟಿನ ಮೇಲೆ ಬೀಳುತ್ತಿತ್ತು. ಕಾರ್ಡನ್ನು ಕೆಳಗಿನ ಸ್ಲಾಟಿಗೆ ಇಳಿಸಿದೆ. ಕ್ಯಾಬಿನೆಟ್ಟನ್ನು ನೆಲದ ಮೇಲೆ ಅಡ್ಡ ಮಲಗಿಸಿ ಪಕ್ಕದ ತಗಡನ್ನು ತೆಗೆದಿಟ್ಟೆ. ಬಿಸಿ ಮೇಲಕ್ಕೆ ಹೋಗಲು ದಾರಿ ಬೇಕು.

ಆಮೇಲೆ ಮಧ್ಯಾಹ್ನದ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ದೊಡ್ಡ ದೊಡ್ಡ ಫೈಲುಗಳನ್ನು ಬಿಡದೆ ಕಾಪಿ ಮಾಡಿಸಿದೆ. ಬನಿಯನ್ನು ತೊಯ್ದು ಮೈಗಂಟಿತು. ಅಂಕಿ ಐವತ್ತೆಂಟರಿಂದ ಮೇಲೇಳಲಿಲ್ಲ. ನನ್ನ ಕೈಕೆಲಸದ ಮೇಲೆ ನನಗೆ ಹೆಮ್ಮೆ ಉಂಟು, ಆ ಹೊತ್ತು ಇನ್ನಷ್ಟು ಆಯಿತು.

ಎರಡನೆಯ ಸಲ ಕೂತದ್ದು ಆಪರೇಷನ್ನಿಗೆ ಮುಂಚಿನ ಗುರುವಾರ. ಅಷ್ಟು ದಿನ ಬಿಟ್ಟಿದ್ದು ಅಕ್ಕನಿಗೆ ರಕ್ತ ಪರೀಕ್ಷೆ, ಸ್ಕ್ಯಾನು ಎಂದು ಓಡಾಟವಿದ್ದುದರಿಂದ. ಅಂದಿನ ಹಾಡನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೆಡ್‌ಫೋನಿನಲ್ಲಿ ಒಂದಿಷ್ಟೂ ಕುಂಯ್ ಇಲ್ಲ. ಅಕ್ಕನ ದನಿ, ಹಿಂದೆ ನಾದಿನಿಯ ದಪ್ಪ ದನಿ, ಅಜ್ಜಿಯ ನಡುಗುವ ದನಿ, ಮೂರೂ ಬಿಡಿಬಿಡಿಯಾಗಿ, ಒಟ್ಟಾಗಿ. ಮಾರ್ಕೆಟ್ಟಿನ ಗದ್ದಲದ ಆಚೆ ದಡಕ್ಕೆ ಕೇಳಿಸುತ್ತಿದ್ದ ದನಿ ಅದು. ಅಂಕಿ ಅರವತ್ತು, ಅರವತ್ತೊಂದು.

ಒಂಬತ್ತನೆಯದು ಧಾರೆಯ ಹಾಡು. ಅದು ಮುಗಿಯುವ ಸೊಲ್ಲಿಗೆ ಅಕ್ಕ, ನಾದಿನಿ, ಅಜ್ಜಿ ಮೂವರೂ ಮುಂದಿದ್ದ ತಟ್ಟೆಯಿಂದ ಅಕ್ಷತೆ ತೆಗೆದು ಮಣೆಯ ಮೇಲಿದ್ದ ಹುಡುಗಿಯ ಮೇಲೆ ಹಾಕಿದರು. ಯಾರೂ ಯೋಚಿಸಿ ಮಾಡಿದ್ದಲ್ಲ. ಆ ಸೊಲ್ಲು ಬಂದಾಗ ಕೈ ತಾನಾಗಿ ತಟ್ಟೆಗೆ ಹೋಗುತ್ತದೆ, ನಲವತ್ತು ವರ್ಷದ ಅಭ್ಯಾಸ. ನನ್ನ ತಲೆಯ ಮೇಲೂ ನಾಲ್ಕು ಕಾಳು ಬಿದ್ದವು. ಸೋದರಮಾವನಲ್ಲವೇ, ನಾನೂ ತಲೆ ಬಗ್ಗಿಸಿದೆ. ಹುಡುಗಿಯ ಪಕ್ಕದಲ್ಲಿ ತಗಡಿಲ್ಲದೆ ಬಾಯ್ತೆರೆದು ಮಲಗಿದ್ದ ಕ್ಯಾಬಿನೆಟ್ಟು ನನ್ನ ಗಮನದಲ್ಲಿರಲಿಲ್ಲ.

ಹತ್ತನೆಯದು ಮುಗಿಯಿತು. ಹನ್ನೊಂದನೆಯದು ಬೀಗರನ್ನು ಛೇಡಿಸುವ ಹಾಡು. ಗಂಡಿನ ಚಿಕ್ಕಪ್ಪ ಹೋಳಿಗೆ ಎಣಿಸಿ ಎಣಿಸಿ ಪಂಚೆಯಲ್ಲಿ ಕಟ್ಟಿಕೊಂಡ ಎಂದು ಅಕ್ಕ ಆಗಲೇ ಕಟ್ಟಿ ಹಾಡುತ್ತಿದ್ದಳು, ಇಲ್ಲದ ಬೀಗರ ಮೇಲೆ. ಅಜ್ಜಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಾನೂ ನಗುತ್ತಿದ್ದೆ. ಪರದೆ ಕಡೆ ತಿರುಗಿದಾಗ ಅಂಕಿ ತೊಂಬತ್ತೊಂದು. ಕ್ಯಾಬಿನೆಟ್ಟಿನ ಅಂಚು ಹಿಡಿದು ಬಗ್ಗಿ ನೋಡುವಷ್ಟರಲ್ಲಿ ಹಸಿರು ದೀಪ ಆರಿತು.

ಚಿಪ್‌ಸೆಟ್ ಫ್ಯಾನಿನ ರೆಕ್ಕೆಗೂ ಅಂಚಿಗೂ ನಡುವೆ ಒಂದು ಅರಿಶಿನದ ಅಕ್ಕಿಕಾಳು ಸಿಕ್ಕಿಕೊಂಡಿತ್ತು. ನಿಧಾನ ತಿರುಗುವ ಫ್ಯಾನು, ಅದನ್ನು ಎಸೆಯುವ ಕಸುವು ಇರಲಿಲ್ಲ. ಚಿಮುಟದಿಂದ ಕಾಳು ಕಿತ್ತಾಗ ರೆಕ್ಕೆಯ ಒಂದು ಚೂರೂ ಜೊತೆಗೆ ಬಂತು.

ನಾದಿನಿ ತಟ್ಟೆಯನ್ನು ಮೆಲ್ಲಗೆ ತನ್ನ ಹಿಂದಕ್ಕೆ ಸರಿಸಿದಳು.

"ಅಕ್ಕ, ಹತ್ತು ಹಾಡು ಚೆನ್ನಾಗಿ ಬಂದಿದೆ. ಇದನ್ನ ಇಟ್ಕೊಳ್ಳಣ. ಮುಂದಿನ ನಾಲ್ಕು ಇನ್ನೊಂದು ದಿನ ಹಾಡು," ಅಂದೆ.

"ಧಾರೆ ಆಗಿದೆ ಕಣೋ. ಧಾರೆ ಆದಮೇಲೆ ನಿಂತಿದೆ." ಅವಳ ದನಿ ಆಗಲೇ ಒಡೆದಿತ್ತು. "ಅಂಥದ್ದನ್ನ ಮನೇಲಿ ಇಟ್ಕೊಂಡು ನನ್ನ ಮಗಳಿಗೆ ಗಂಡು ಹುಡುಕ್ಲಾ?"

ಸಾಫ್ಟ್‌ವೇರು ಮತ್ತೆ ಅದೇ ಪ್ರಶ್ನೆ ಕೇಳಿತು. ಈ ಸಲ ಅದು ಏನು ಕೇಳುತ್ತಿದೆ ಎಂದು ಅಕ್ಕನಿಗೆ ಗೊತ್ತಿತ್ತು. ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ನಾನು ಬೇಡ ಎಂದು ಒತ್ತಿದೆ.

ಶುಕ್ರವಾರ ಮಾತು ಪಿಸುಗುಟ್ಟುವಷ್ಟಕ್ಕೆ ಇಳಿಯಿತು. ಶನಿವಾರ ಇಡೀ ದಿನ ಬಿಸಿನೀರು ಕುಡಿದುಕೊಂಡು ಸುಮ್ಮನಿದ್ದಳು. ನಾವೂ ಅವಳನ್ನು ಮಾತಾಡಿಸಲಿಲ್ಲ. ನಾನು ಮುಕ್ಕಾದ ಫ್ಯಾನಿನ ಎದುರುಬದುರು ರೆಕ್ಕೆಗಳನ್ನು ಸಮ ಮಾಡಿ, ತೂಗಿ, ಹೊಸದು ತರದೆ ಅದನ್ನೇ ಓಡಿಸಬಹುದು ಎಂದು ನಂಬಿಕೊಂಡು ಕೂತಿದ್ದೆ. ಸಂಜೆಯ ಹೊತ್ತಿಗೆ ಓಡಿತು. ಭಾನುವಾರ ಬೆಳಿಗ್ಗೆ ಹಾಕಿ ನೋಡಿದರೆ ಗಡಗಡ ನಡುಗಿ ಬೋರ್ಡನ್ನೇ ಅಲುಗಿಸಿತು. ಎಸ್.ಪಿ. ರೋಡು ಭಾನುವಾರ ಬಂದ್. ಗೊತ್ತಿದ್ದ ಇಬ್ಬರಿಗೆ ಫೋನು ಮಾಡಿದೆ. ಒಬ್ಬ ಊರಲ್ಲಿರಲಿಲ್ಲ, ಇನ್ನೊಬ್ಬ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಅಕ್ಕ ಆಸ್ಪತ್ರೆಯಲ್ಲಿರಬೇಕಿತ್ತು.

ಫ್ಯಾನಿಲ್ಲದೆ ಓಡಿಸಿದರೆ ಸದ್ದಿಲ್ಲ. ಆದರೆ ನಾಲ್ಕೈದು ಹಾಡಿಗೆ ಬಿಸಿ ತೊಂಬತ್ತು ಮುಟ್ಟುತ್ತದೆ ಎಂಬುದನ್ನು ಕಾಪಿ ಮಾಡಿಸಿ ನೋಡಿದೆ. ಸವೆದ ಹಳೆಯ ಫ್ಯಾನನ್ನು ಹಾಕಿ ಪೂರ್ತಿ ವೇಗದಲ್ಲಿ ಬಿಟ್ಟರೆ ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ. ಆದರೆ ಆ ಕುಂಯ್ ಪ್ರತಿ ಹಾಡಿನಲ್ಲೂ ಇರುತ್ತದೆ. ಸ್ವಚ್ಛವಾದ ಕೆಲಸ ಮಾಡದೆ ಯಾರಿಗೂ ಕೊಟ್ಟವನಲ್ಲ ನಾನು. ಗುಜರಿ ಡಬ್ಬದಿಂದ ಹಳೆಯ ಫ್ಯಾನು ಹುಡುಕಿ ತೆಗೆದು, ಒರೆಸಿ, ಸ್ಕ್ರೂ ಹಾಕಿದೆ. ಮೇಲೆ ಸೊಳ್ಳೆಪರದೆಯ ಒಂದು ತುಂಡು ಬಿಗಿದೆ.

"ಮಾವ, ಕುಂಯ್ ಅಂತಿದೆಯಲ್ಲ," ಅಂದಳು ಸೊಸೆ.

"ಅನ್ಲಿ. ನಿಲ್ಲೋದು ಬೇಡ."

ಅಕ್ಕ ಶುರು ಮಾಡಿದಾಗ ನಾದಿನಿ ನನ್ನ ಮುಖ ನೋಡಿದಳು. ದನಿ ಅರ್ಧಕ್ಕರ್ಧ ಗಾಳಿಯಾಗಿತ್ತು. ಏರಬೇಕಾದ ಕಡೆ ಏರದೆ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಹಿಂದಿನಿಂದ ಹಾಡುವ ಇಬ್ಬರೂ ಅಕ್ಕನಿಗಿಂತ ಗಟ್ಟಿಯಾಗಿ ಕೇಳಬಾರದೆಂದು ತಮ್ಮ ದನಿಯನ್ನೂ ತಗ್ಗಿಸಿದರು. ಹೇಳಿಕೊಟ್ಟವರಿಲ್ಲ. ಧಾರೆಯ ಹಾಡಿಗೆ ಯಾರೂ ಅಕ್ಷತೆ ಹಾಕಲಿಲ್ಲ. ತಟ್ಟೆಯನ್ನು ಆಚೆ ಮನೆಯಲ್ಲೇ ಬಿಟ್ಟು ಬಂದಿದ್ದರು. ಅಜ್ಜಿಯ ಕೈ ಮಾತ್ರ ನೆಲವನ್ನು ತಡಕಿ ಸುಮ್ಮನಾಯಿತು. ಬೀಗರ ಹಾಡಿನಲ್ಲಿ ಹೋಳಿಗೆಯ ಚಿಕ್ಕಪ್ಪ ಮತ್ತೆ ಬಂದ. ಈ ಸಲ ನಗು ಬರಲಿಲ್ಲ.

ನಾನು ಅಂಕಿಯನ್ನು ನೋಡುತ್ತಿದ್ದೆ. ಅರವತ್ತಮೂರು. ಅರವತ್ತನಾಲ್ಕು. ಹದಿಮೂರು ಹಾಡು ಮುಗಿಯುವವರೆಗೂ ನಾನು ಅಕ್ಕನ ಮುಖ ನೋಡಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಹದಿನಾಲ್ಕನೆಯದು ಹೆಣ್ಣು ಒಪ್ಪಿಸುವ ಹಾಡು. ಹೆತ್ತವಳು ಹುಡುಗಿಯ ಕೈಯನ್ನು ಬೀಗಿತ್ತಿಯ ಕೈಗಿಟ್ಟು, ಇವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಯಾವುದಕ್ಕೆ ಬೈಯಬಾರದು ಎಂದು ಒಂದೊಂದೇ ಸೊಲ್ಲಿನಲ್ಲಿ ಹೇಳುವ ಹಾಡು. ಅಕ್ಕ ಮಗಳ ಕೈ ಹಿಡಿದುಕೊಂಡಳು. ನಾಲ್ಕು ಸೊಲ್ಲು ಆದವು. ಐದನೆಯದಕ್ಕೆ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದಳು. ಹಿಂದಿನಿಂದ ಹಾಡುವವರು ಕಾದರು. ಎತ್ತಿಕೊಟ್ಟ ಸೊಲ್ಲನ್ನು ಹಾಡುವುದು ಅವರ ಕೆಲಸ, ಸೊಲ್ಲೇ ಇಲ್ಲದಿದ್ದರೆ ಅವರು ಏನು ಹಾಡಬೇಕು? ಆ ಹಾಡು ಸೊಸೆಗೆ ಬಾಯಿಪಾಠವಿತ್ತು. ಮದುವೆ ಹೆಣ್ಣು ತನ್ನನ್ನು ತಾನೇ ಒಪ್ಪಿಸಿಕೊಡುವ ಹಾಗಿಲ್ಲ. ತಲೆ ತಗ್ಗಿಸಿ ಕೂತಿದ್ದಳು.

ಮಷೀನು ನಿಲ್ಲಲಿಲ್ಲ. ಅರವತ್ತನಾಲ್ಕು ಡಿಗ್ರಿ, ಹಸಿರು ದೀಪ, ಮೂರು ಮೈಕಿನ ಗೆರೆಗಳೂ ಓಡುತ್ತಿದ್ದವು. ಅಜ್ಜಿಯೇ ಕೊನೆಗೆ, "ಸಾಕು ಬಿಡವ್ವ," ಅಂದರು.

ಈ ಸಲ ಸಾಫ್ಟ್‌ವೇರು ಏನನ್ನೂ ಕೇಳಲಿಲ್ಲ. ನಾನು ಉಳಿಸಿದೆ. ಎರಡನೆಯ ಡಿಸ್ಕಿಗೂ ಕಾಪಿ ಹಾಕಿದೆ.

ಅಕ್ಕ ಎದ್ದು ಬಂದು ಪಿಸುಗುಟ್ಟಿದಳು. "ಅಳಿಸು."

"ಅಳಿಸಲ್ಲ ಅಕ್ಕ."

"ಒಪ್ಪಿಸಿಲ್ಲ ಕಣೋ. ಮಧ್ಯದಲ್ಲಿ ಬಿಟ್ಟಿದೀನಿ."

"ನೀನು ಏನಾದ್ರೂ ಅನ್ನು. ಎರಡು ಸಲ ನಿನ್ನ ಮಾತು ಕೇಳ್ದೆ. ಇದು ಕೇಳಲ್ಲ."

ಅವಳ ಮಾತಿಗೆ ನಾನು ಎದುರಾಡಿದವನಲ್ಲ. ಅವಳಿಗೆ ಸಿಟ್ಟು ಬಂತು. ಬೈಯಲು ದನಿ ಇರಲಿಲ್ಲ. ನನ್ನ ತೋಳಿಗೆ ಒಂದು ಏಟು ಹಾಕಿದಳು, ಚಿಕ್ಕವನಿದ್ದಾಗ ಹಾಕುತ್ತಿದ್ದ ಹಾಗೆ ಮುಷ್ಟಿಯಿಂದ. ಸೊಸೆ ಮಣೆಯಿಂದ ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತಳು. "ಅಮ್ಮ, ಇದು ನನ್ನ ಮದುವೆ ತಾನೆ. ನನಗೆ ಅರ್ಧವೇ ಇರ್ಲಿ. ಇಟ್ಕೊಳ್ಳಲಿ ಬಿಡು." ಅಕ್ಕ ತನ್ನ ಮನೆಗೆ ಹೋದಳು. ಮಾರನೆಯ ಬೆಳಿಗ್ಗೆ ಆಟೋದಲ್ಲೂ ಮಾತಾಡಲಿಲ್ಲ. ಆಡಲು ಇದ್ದ ಕೊನೆಯ ಮಾತುಗಳನ್ನು ನನ್ನ ಮೇಲಿನ ಮುನಿಸಿಗೆ ಖರ್ಚು ಮಾಡದೆ ಉಳಿಸಿಕೊಂಡಳೋ ಏನೋ. ವಾರ್ಡಿನ ಬಾಗಿಲಲ್ಲಿ ಮಗಳಿಗೆ ಏನೋ ಹೇಳಿದಳು. ಏನೆಂದು ನಾನು ಕೇಳಿಲ್ಲ, ಸೊಸೆಯೂ ಹೇಳಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ಆಸ್ಪತ್ರೆಯಲ್ಲಿದ್ದಾಗ ನಾನು ಆ ಗುರುವಾರದ ಹಾಡುಗಳನ್ನು ಡಿಸ್ಕಿನಿಂದ ಮತ್ತೆ ತೆಗೆಯಲು ಕೂತೆ. ಬೇರೆಯವರ ಅಳಿಸಿಹೋದ ಫೋಟೋಗಳನ್ನು ನಾನು ಎಷ್ಟೋ ಸಲ ತೆಗೆದುಕೊಟ್ಟಿದ್ದೇನೆ. ಹಳೆಯ ತಿರುಗುವ ಡಿಸ್ಕಿನಲ್ಲಿ ಅಳಿಸಿದ್ದು ಸ್ವಲ್ಪ ಕಾಲ ಅಲ್ಲೇ ಮೂಲೆಯಲ್ಲಿ ಬಿದ್ದಿರುತ್ತದೆ. ಈಗಿನ ಚಿಪ್ಪಿನ ಡಿಸ್ಕು ಹಾಗಲ್ಲ. ಬೇಡ ಎಂದ ಜಾಗವನ್ನು ತಾನೇ ಗುಡಿಸಿ ಸಾರಿಸಿ ಇಟ್ಟುಬಿಡುತ್ತದೆ. ಉದ್ದಕ್ಕೂ ಸೊನ್ನೆಗಳು ಬಂದವು. ಮೂರು ಬಗೆಯ ಸಾಫ್ಟ್‌ವೇರು ಹಾಕಿ ನೋಡಿದೆ, ಮೂರರಲ್ಲೂ ಸೊನ್ನೆ.

ಭಾನುವಾರದ್ದರಿಂದ ಕುಂಯ್ ತೆಗೆಯುವುದಕ್ಕೂ ನೋಡಿದೆ. ಅದು ಹೋಗುತ್ತದೆ. ಅದರ ಜೊತೆಗೆ ಅಕ್ಕನ ಉಸಿರೂ ಹೋಗುತ್ತದೆ. ಆ ದಿನ ಅವಳ ದನಿಯಲ್ಲಿ ಅರ್ಧ ಇದ್ದದ್ದು ಉಸಿರೇ. ತೆಗೆದು ಕೇಳಿದರೆ ಯಾರೋ ಬೇರೆ ಹೆಂಗಸಿನ ಹಾಗಿತ್ತು. ಹಾಗೇ ಬಿಟ್ಟೆ.

ಅಕ್ಕ ಈಗ ಮತ್ತೆ ಸೊಪ್ಪಿನ ಮುಂದೆ ಕೂರುತ್ತಾಳೆ. ಗಿರಾಕಿಗಳನ್ನು ಕರೆಯಲು ಚಪ್ಪಾಳೆ ತಟ್ಟುತ್ತಾಳೆ. ನನ್ನ ಮೇಲೆ ಮುನಿಸು ಉಳಿದಿಲ್ಲ. ಸಾರು ಮಾಡಿದ ದಿನ ಬಟ್ಟಲು ಕಳಿಸುತ್ತಾಳೆ. ಆ ಹಾಡುಗಳನ್ನು ಮಾತ್ರ ಒಂದು ಸಲವೂ ಕೇಳಿಲ್ಲ. ನಾನು ಹಾಕಲು ಹೋದರೆ ಎದ್ದು ಹೊರಗೆ ಹೋಗುತ್ತಾಳೆ. ಹುಡುಗಿಗೆ ಗಂಡು ನೋಡುತ್ತಿದ್ದೇವೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಪೂರ್ತಿ ಹಾಡು ಹದಿಮೂರು. ಅರ್ಧ ಹಾಡು ಒಂದು, ಅದರಲ್ಲಿ ಸೊಲ್ಲು ನಾಲ್ಕು. ಅವಳ ಹಳೆಯ ದನಿಯಲ್ಲಿ ಒಂದೂ ಇಲ್ಲ. ಅಕ್ಕ ಒಬ್ಬಳು, ಎದುರು ಮನೆಯಲ್ಲಿ.